ಸಹಿಯ ಮೇಲಿನ ಸಾಲುಗಳನ್ನು ಓದಿ



ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ನಿಮ್ಮಲ್ಲಿ ಕೆಲವರು ಹಳೆಯ ಪತ್ರಗಳನ್ನು ಕೂಡಿಡಲು ಶುರುಮಾಡಿದ್ದೀರಿ ಎಂದು ಕೇಳಿ ಬಹಳ ಸಂತೋಷವಾಯಿತು. ಅದರಲ್ಲೂ ರಾಜಕಾರಣಿಗಳು ಸಿನಿಮಾ ಕಲಾವಿದರಿಗೆ, ಕಲಾವಿದರು ರಾಜಕಾರಣಿಗಳಿಗೆ ಬರೆದು ಸಹಿ ಹಾಕಿದ ಕಾಗದಗಳ ಮೇಲೆ ನಿಮ್ಮ ಕಣ್ಣಿದೆ. ಇದು ಒಳ್ಳೆಯ ಹವ್ಯಾಸ. ನಾಡಿನ ಜನ ಅತಿ ಹೆಚ್ಚು ನೋಡಿದ, ಅತಿ ಹೆಚ್ಚು ಮಾತಾಡಿಕೊಂಡ ಎರಡು ಬಗೆಯ ಮನುಷ್ಯರು ವೇದಿಕೆಯ ಆಚೆ ಒಬ್ಬರಿಗೊಬ್ಬರು ಏನು ಹೇಳಿಕೊಂಡರು ಎಂಬುದು ಆ ಕಾಗದಗಳಲ್ಲಿ ಮಾತ್ರ ಉಳಿದಿರುತ್ತದೆ. ವಯಸ್ಸಿನಲ್ಲಿ ಹಿರಿಯ, ಇದೇ ಹುಚ್ಚು ಹಚ್ಚಿಕೊಂಡವ ಎಂಬ ಸಲುಗೆಯಿಂದ ಕೆಲವು ಮಾತು ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲ ಮಾತು ಇದು: ಸಹಿಗಾಗಿ ಪತ್ರವನ್ನು ಕೂಡಿಡಬೇಡಿ, ಪತ್ರಕ್ಕಾಗಿ ಕೂಡಿಡಿ. ಬಹಳ ಜನ ಕೆಳಗಿನ ಹೆಸರು ನೋಡಿ ಕುಣಿಯುತ್ತಾರೆ, ಮೇಲಿನ ಹತ್ತು ಸಾಲು ಓದುವುದೇ ಇಲ್ಲ. ಕೆಲವರಂತೂ ಸಹಿಯ ಭಾಗವನ್ನಷ್ಟೇ ಕತ್ತರಿಸಿ ಫೋಟೋದ ಕೆಳಗೆ ಅಂಟಿಸಿ ಕಟ್ಟು ಹಾಕಿಸುತ್ತಾರೆ. ಸಹಿ ಕತ್ತರಿಸಿದ ಪತ್ರ ರುಂಡವಿಲ್ಲದ ಮುಂಡ. ಯಾರು, ಯಾರಿಗೆ, ಯಾವ ದಿನ, ಯಾವ ಕಾರಣಕ್ಕೆ ಬರೆದರು ಎಂಬ ನಾಲ್ಕೂ ಪ್ರಶ್ನೆಗಳಿಗೆ ಉತ್ತರ ಇದ್ದಾಗಲೇ ಆ ಹಾಳೆಗೆ ಬೆಲೆ. ಲಕೋಟೆ ಇದ್ದರೆ ಅದೂ ಬೇಕು, ಅದರ ಮೇಲಿನ ಅಂಚೆ ಮುದ್ರೆಯೂ ಬೇಕು, ಪತ್ರಕ್ಕೆ ಗುಂಡುಸೂಜಿಯಿಂದ ಸಿಕ್ಕಿಸಿದ ಇನ್ನೊಂದು ಚೀಟಿ ಇದ್ದರೆ ಅದೂ ಬೇಕು.

ಇದಕ್ಕೆ ಜಗತ್ತೇ ಬಲ್ಲ ಒಂದು ಉದಾಹರಣೆ ಇದೆ. 1970ರ ಡಿಸೆಂಬರಿನಲ್ಲಿ ಅಮೆರಿಕದ ಗಾಯಕ, ಸಿನಿಮಾ ನಟ ಎಲ್ವಿಸ್ ಪ್ರೀಸ್ಲಿ ವಾಷಿಂಗ್ಟನ್‌ಗೆ ಹೋಗುವ ವಿಮಾನದಲ್ಲಿ ಕುಳಿತು, ವಿಮಾನ ಕಂಪನಿಯದೇ ಹಾಳೆಗಳ ಮೇಲೆ ಅಧ್ಯಕ್ಷ ನಿಕ್ಸನ್‌ಗೆ ಕೈಬರಹದಲ್ಲಿ ಪತ್ರ ಬರೆದ. ಅದನ್ನು ತಾನೇ ಶ್ವೇತಭವನದ ಗೇಟಿನಲ್ಲಿ ಕೊಟ್ಟ. ಮಾದಕ ವಸ್ತುಗಳ ವಿರುದ್ಧ ಸರ್ಕಾರಕ್ಕೆ ನೆರವಾಗುವ ಆಸೆ, ಅದಕ್ಕೊಂದು ಅಧಿಕಾರದ ಬಿಲ್ಲೆ ಬೇಕೆಂಬ ಬಯಕೆ ಆ ಪತ್ರದಲ್ಲಿದ್ದವು. ಡಿಸೆಂಬರ್ 21ರಂದು ಇಬ್ಬರ ಭೇಟಿಯಾಯಿತು. ತಿಂಗಳ ಕೊನೆಗೆ ನಿಕ್ಸನ್ ಅವನಿಗೆ ಕೃತಜ್ಞತೆಯ ಪತ್ರ ಬರೆದರು. ಅಲ್ಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಉಳಿದಿರುವುದು ಎಲ್ವಿಸ್‌ನ ಪತ್ರವೊಂದೇ ಅಲ್ಲ. ಭೇಟಿ ಕೊಡಬೇಕೋ ಬೇಡವೋ ಎಂದು ಅಧಿಕಾರಿಗಳು ಬರೆದುಕೊಂಡ ಟಿಪ್ಪಣಿ, ಅದರ ಅಂಚಿನಲ್ಲಿ ಒಬ್ಬ ಹಿರಿಯ ಅಧಿಕಾರಿ ಅಚ್ಚರಿಪಟ್ಟು ಗೀಚಿದ ಮಾತು, ಭೇಟಿಯ ಫೋಟೋಗಳು, ನಿಕ್ಸನ್‌ರ ಉತ್ತರ, ಎಲ್ಲವೂ ಉಳಿದಿವೆ. ಆದ್ದರಿಂದಲೇ ಅರ್ಧ ಶತಮಾನದ ಮೇಲೂ ಜನ ಅದನ್ನು ಕಥೆಯಂತೆ ಓದುತ್ತಾರೆ. ಎಲ್ವಿಸ್‌ನ ಸಹಿ ಇರುವ ಫೋಟೋಗಳು ಸಾವಿರಾರು ಇವೆ, ಅವುಗಳಿಂದ ಈ ಕಥೆ ಹುಟ್ಟುವುದಿಲ್ಲ.

ಹಾಗಾಗಿ ಒಂದು ಪತ್ರ ಕೈಗೆ ಬಂದರೆ ಅದರ ಜೋಡಿಯನ್ನು ಹುಡುಕಿ. ಪ್ರಶ್ನೆ ಸಿಕ್ಕಿದ್ದರೆ ಉತ್ತರ ಎಲ್ಲಿದೆ? ಉತ್ತರ ಸಿಕ್ಕಿದ್ದರೆ ಪ್ರಶ್ನೆ ಏನಿತ್ತು? ಮೂಲ ಪತ್ರ ಪಡೆದವರ ಮನೆಯಲ್ಲಿದ್ದರೆ, ಬರೆದವರ ಕಡೆ ಕಾರ್ಬನ್ ಪ್ರತಿ ಇರುವ ಸಾಧ್ಯತೆ ಇದೆ. ನಮ್ಮ ಭಾಗದ ಸಹಕಾರಿ ಸಂಘ, ಸಕ್ಕರೆ ಕಾರ್ಖಾನೆ, ಶಿಕ್ಷಣ ಸಂಸ್ಥೆಗಳಲ್ಲಿ ಆವಕ, ಜಾವಕ ಪುಸ್ತಕಗಳನ್ನು ಬರೆದಿಡುವ ರೂಢಿ ಇದೆ. 1969ರಲ್ಲಿ ಶುರುವಾದ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಾಗಲಿ, ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಯಾಗಲಿ, ಇಂಥ ಸಂಸ್ಥೆಗಳನ್ನು ಕಟ್ಟಿದವರು ರಾಜಕಾರಣದವರೂ ಹೌದು. ಸಮಾರಂಭಕ್ಕೆ ಕಲಾವಿದರನ್ನು ಕರೆಯುವ ಸಂಸ್ಥೆಯಿಂದ ಪತ್ರ ಹೋಗುತ್ತದೆ, ಉತ್ತರ ಬರುತ್ತದೆ. ನಿಮ್ಮ ಕೈಯಲ್ಲಿರುವ ಪತ್ರದ ತಲೆಯಲ್ಲಿ ಜಾವಕ ಸಂಖ್ಯೆ ಇದ್ದರೆ, ಅದೇ ಸಂಖ್ಯೆ, ಅದೇ ದಿನಾಂಕ ಆ ಸಂಸ್ಥೆಯ ಪುಸ್ತಕದಲ್ಲಿ ಸಿಗುವುದೇ ಎಂದು ಅನುಮತಿ ಪಡೆದು ನೋಡಿ. ಸಿಕ್ಕರೆ ಪತ್ರ ನಿಜವಾದದ್ದು ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಎರಡನೆಯ ಮಾತು: ದೂರ ಹುಡುಕುವ ಮೊದಲು ನಮ್ಮ ಮೂರು ತಾಲೂಕುಗಳನ್ನೇ ಹುಡುಕಿ. ಸಿನಿಮಾ ಎಂದರೆ ಬೆಂಗಳೂರು, ರಾಜಕಾರಣ ಎಂದರೆ ವಿಧಾನಸೌಧ ಎಂದು ಎಷ್ಟೋ ಜನ ಭಾವಿಸಿದ್ದಾರೆ. ನಮ್ಮ ಘಟಪ್ರಭೆಯನ್ನೇ ನೋಡಿ. ಹಿಂದೂಸ್ತಾನಿ ಸೇವಾದಳ ಕಟ್ಟಿದ ಡಾ. ನಾ.ಸು. ಹರ್ಡೀಕರ ಅವರು ನೆಲೆ ನಿಂತದ್ದು ಅಲ್ಲಿ. ಅವರು 1952ರಲ್ಲಿ ರಾಜ್ಯಸಭೆಗೆ ಹೋದಾಗ ಅದೇ ಸದನಕ್ಕೆ ಹಿಂದಿ ಸಿನಿಮಾದ ಪೃಥ್ವಿರಾಜ್ ಕಪೂರ್ ನಾಮನಿರ್ದೇಶನಗೊಂಡು ಬಂದಿದ್ದರು. ಸೇವಾದಳದ ಮಹಿಳಾ ವಿಭಾಗದಲ್ಲಿ ದುಡಿದ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಮೂಕಿ ಚಿತ್ರಗಳಲ್ಲೂ ನಟಿಸಿದ್ದರು, 1931ರ ‘ಮೃಚ್ಛಕಟಿಕ’ ಅವುಗಳಲ್ಲಿ ಒಂದು. ಹೆಣ್ಣುಮಕ್ಕಳು ಸಿನಿಮಾಕ್ಕೆ ಹೋಗುವುದನ್ನೇ ಮನೆತನದವರು ಒಪ್ಪದ ಕಾಲದಲ್ಲಿ ರಾಜಕಾರಣದ ಹೆಣ್ಣುಮಗಳೊಬ್ಬಳು ಕ್ಯಾಮೆರಾ ಮುಂದೆ ನಿಂತದ್ದು ಸಣ್ಣ ಸಂಗತಿಯಲ್ಲ. ಹರ್ಡೀಕರರ ಕಾಗದ ಪತ್ರಗಳು ಇಂದು ದೆಹಲಿಯ ತೀನ್ ಮೂರ್ತಿ ಭವನದ ಗ್ರಂಥಾಲಯದಲ್ಲಿವೆ. ಸ್ವಾತಂತ್ರ್ಯ ಹೋರಾಟದ ಇತಿಹಾಸ ಬರೆಯುವವರು ಅವುಗಳನ್ನು ಓದುತ್ತಾರೆ, ಉಲ್ಲೇಖಿಸುತ್ತಾರೆ. ಗೋಕಾಕ ತಾಲೂಕಿನ ಒಂದು ಸ್ಟೇಶನ್ ಊರಿನಲ್ಲಿದ್ದ ಮನುಷ್ಯನ ಅಂಚೆ ಡಬ್ಬಿ ದೇಶದ ದಾಖಲೆಯಾಯಿತು. ಯಾರೋ ಅದನ್ನು ರದ್ದಿಗೆ ಹಾಕದೆ ಕಾದದ್ದರಿಂದ ಹಾಗಾಯಿತು.

ಇನ್ನು ಗೋಕಾಕದಲ್ಲೇ ಮಾಸ್ತರಿಕೆ ಮಾಡಿದ ಕೃಷ್ಣಮೂರ್ತಿ ಪುರಾಣಿಕರನ್ನು ನೆನೆಯಿರಿ. ಅವರ ‘ಧರ್ಮದೇವತೆ’ ಕಾದಂಬರಿ 1962ರಲ್ಲಿ ‘ಕರುಣೆಯೇ ಕುಟುಂಬದ ಕಣ್ಣು’ ಸಿನಿಮಾ ಆಯಿತು, ಮರುವರ್ಷ ‘ಕುಲವಧು’ ಬಂತು. ಶಹನಾಯಿ ನುಡಿಸುವ ಬಡವನ ಕಥೆ 1977ರಲ್ಲಿ ‘ಸನಾದಿ ಅಪ್ಪಣ್ಣ’ ಆಗಿ ತೆರೆಗೆ ಬಂತು, ರಾಜಕುಮಾರ್ ನಟಿಸಿದರು, ಬಿಸ್ಮಿಲ್ಲಾ ಖಾನ್ ಶಹನಾಯಿ ನುಡಿಸಿದರು. ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿ ಸ್ವಾತಂತ್ರ್ಯ ಹೋರಾಟಗಾರರು, ಪತ್ರಕರ್ತರು, ಕಾದಂಬರಿಕಾರರು, ವಿಧಾನ ಪರಿಷತ್ತಿನ ಸದಸ್ಯರೂ ಆಗಿದ್ದವರು. ಅವರ ‘ಮಾಡಿ ಮಡಿದವರು’ ಕೂಡ ಸಿನಿಮಾ ಆಯಿತು, ನಿರ್ದೇಶಿಸಿದವರು ಕೆ.ಎಂ. ಶಂಕರಪ್ಪ. ಇದೇ ಶಂಕರಪ್ಪ ಮುಂದೆ, ಸೆನ್ಸಾರ್ ವಿಷಯದಲ್ಲಿ ಮೇಲ್ಮನವಿ ಮಂಡಳಿ ಕೊಟ್ಟ ತೀರ್ಪನ್ನು ಕೇಂದ್ರ ಸರ್ಕಾರ ಬದಲಿಸಬಾರದು ಎಂದು ನ್ಯಾಯಾಲಯದಲ್ಲಿ ಹೋರಾಡಿದರು. 2000ದಲ್ಲಿ ಸುಪ್ರೀಂ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಮೂಡಲಗಿ ಸೀಮೆಯ ಕುಲಗೋಡ ತಮ್ಮಣ್ಣ ಕಟ್ಟಿದ ಪಾರಿಜಾತ ಆಟದ ಪರಂಪರೆಯೂ ನಮ್ಮದೇ. ತೇರದಾಳ ಮೂಡಲಗಿಗೆ ದೂರವಲ್ಲ. ಅಲ್ಲಿಂದ 2013ರಲ್ಲಿ ಗೆದ್ದು ಮಂತ್ರಿಯಾದವರು ರಂಗಭೂಮಿ, ಸಿನಿಮಾಗಳ ಉಮಾಶ್ರೀ. ಸಾಹಿತ್ಯ, ರಂಗ, ಸಿನಿಮಾ, ರಾಜಕಾರಣ ನಮ್ಮ ಕಡೆ ಒಂದೇ ಅಂಗಳದಲ್ಲಿ ಆಡಿವೆ. ಆದ್ದರಿಂದ ತಾರೆಯರ ಹೆಸರಿಗಷ್ಟೇ ಜೋತುಬೀಳದೆ ಲೇಖಕರು, ನಾಟಕ ಕಂಪನಿಯವರು, ಟಾಕೀಸಿನ ಮಾಲೀಕರು ಬರೆದ ಪತ್ರಗಳನ್ನೂ ಕೂಡಿಡಿ. ನಾಯಕನಿಗೂ ನಟನಿಗೂ ನಡುವೆ ಇದ್ದವರು ಬಹಳ ಸಲ ಇವರೇ.

1982ರ ಗೋಕಾಕ್ ಚಳವಳಿಯ ಕಾಗದಗಳನ್ನು ಬಿಡಲೇಬೇಡಿ. ವಿ.ಕೃ. ಗೋಕಾಕರ ಸಮಿತಿ 1981ರ ಜನವರಿಯಲ್ಲಿ ವರದಿ ಕೊಟ್ಟಿತು. ಪ್ರೌಢಶಾಲೆಯಲ್ಲಿ ಕನ್ನಡವೇ 150 ಅಂಕಗಳ ಪ್ರಥಮ ಭಾಷೆಯಾಗಲಿ ಎಂಬುದು ಅದರ ಮುಖ್ಯ ಶಿಫಾರಸು. ಗುಂಡೂರಾವ್ ಸರ್ಕಾರ ತಡಮಾಡಿದಾಗ ಸಾಹಿತಿಗಳು ಬೀದಿಗಿಳಿದರು, ಬಳಿಕ ರಾಜಕುಮಾರ್ ಮತ್ತು ಚಿತ್ರರಂಗವೇ ಬಂತು. ನಟನೊಬ್ಬ ಬೆಳಗಾವಿಯಂಥ ಗಡಿ ಊರಿಗೆ ಬಂದು ಭಾಷೆಯ ಮಾತಾಡಿದಾಗ ಸೇರಿದ ಜನಸಾಗರವನ್ನು ಕಂಡವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಆಗ ಮುಖ್ಯಮಂತ್ರಿಗೆ ಹೋದ ಮನವಿಗಳ ಪ್ರತಿ, ಅಭಿಮಾನಿ ಸಂಘದ ಠರಾವು, ಸಭೆಯ ಕರಪತ್ರ, ಚಂದಾ ಪಾವತಿ ನಿಮ್ಮ ಓಣಿಯ ಯಾವುದೋ ಟ್ರಂಕಿನಲ್ಲಿರಬಹುದು. ಒಬ್ಬ ತಾರೆಯ ಸಹಿಗಿಂತ ಆ ಠರಾವಿನ ಕೆಳಗಿರುವ ಇಪ್ಪತ್ತು ಮಂದಿ ಸಾಮಾನ್ಯರ ಸಹಿಗಳು ನಾಳೆಯ ಇತಿಹಾಸಕಾರನಿಗೆ ಹೆಚ್ಚು ಬೇಕಾಗುತ್ತವೆ.

ಮೂರನೆಯ ಮಾತು, ಎಚ್ಚರದ್ದು. ಸಹಿ ಇದ್ದ ಮಾತ್ರಕ್ಕೆ ಆ ಮನುಷ್ಯನೇ ಸಹಿ ಹಾಕಿದ ಎಂದು ನಂಬಬೇಡಿ. ಜನಪ್ರಿಯರಿಗೆ ಬರುವ ಪತ್ರಗಳ ರಾಶಿಗೆ ಅವರೊಬ್ಬರೇ ಉತ್ತರ ಬರೆಯುವುದು ಆಗದ ಮಾತು. ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್ ನಟರಾಗಿದ್ದ ಕಾಲದಲ್ಲಿ ಅಭಿಮಾನಿಗಳ ಎಷ್ಟೋ ಪತ್ರಗಳಿಗೆ ಅವರ ತಾಯಿಯೇ ಮಗನ ಹೆಸರಿನಲ್ಲಿ ಸಹಿ ಹಾಕುತ್ತಿದ್ದರು. ಕೆನಡಿ ಅಧ್ಯಕ್ಷರಾಗಿದ್ದಾಗ ಸಹಿ ಮಾಡುವ ಯಂತ್ರವೇ ಇತ್ತು, ಅದರ ಬಗ್ಗೆ 1965ರಲ್ಲಿ ಒಂದು ಪುಸ್ತಕವೇ ಬಂತು. ಯಂತ್ರದ ಸಹಿಯನ್ನು ಗುರುತಿಸುವುದು ಹೀಗೆ: ಎರಡು ಪತ್ರಗಳ ಸಹಿಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೆ ಎಳೆ ಎಳೆಯೂ ಕೂಡುತ್ತದೆ. ಮನುಷ್ಯನ ಕೈ ಒಂದೇ ಸಹಿಯನ್ನು ಎರಡು ಸಲ ತದ್ವತ್ತಾಗಿ ಬರೆಯುವುದಿಲ್ಲ. ರಬ್ಬರ್ ಮುದ್ರೆಯ ಸಹಿಯಲ್ಲಿ ಶಾಯಿ ಅಂಚಿಗೆ ಹೆಚ್ಚು ಕೂಡಿರುತ್ತದೆ, ಪೆನ್ನು ಒತ್ತಿದ ಗುರುತು ಹಾಳೆಯ ಹಿಂದೆ ಬೆರಳಿಗೆ ತಾಗುವುದಿಲ್ಲ. ಭೂತಗನ್ನಡಿಯಲ್ಲಿ ನೋಡಿದಾಗ ಸಣ್ಣ ಸಣ್ಣ ಬಣ್ಣದ ಚುಕ್ಕಿಗಳು ಕಂಡರೆ ಅದು ಪ್ರಿಂಟರಿನಿಂದ ಬಂದದ್ದು. ‘ಸಹಿ ಇರುವ ಟೆಲಿಗ್ರಾಂ’ ಎಂದು ಯಾರಾದರೂ ಮಾರಲು ಬಂದರೆ ನಗುತ್ತಾ ಕಳಿಸಿಬಿಡಿ. ಟೆಲಿಗ್ರಾಂನಲ್ಲಿ ಕಳಿಸಿದವರ ಹೆಸರನ್ನು ಇತ್ತಲಿನ ತಾರು ಕಚೇರಿಯವರೇ ಬರೆಯುತ್ತಿದ್ದರು ಅಥವಾ ಅಚ್ಚೊತ್ತುತ್ತಿದ್ದರು.

ಸುಳ್ಳು ಪತ್ರ ಸಾಮಾನ್ಯವಾಗಿ ಸಿಕ್ಕಿಬೀಳುವುದು ಸಹಿಯಲ್ಲಿ ಅಲ್ಲ, ಕಾಲದ ಲೆಕ್ಕದಲ್ಲಿ. 1983ರಲ್ಲಿ ಜರ್ಮನಿಯ ಒಂದು ದೊಡ್ಡ ಪತ್ರಿಕೆ ನಕಲಿ ಪುಸ್ತಕಗಳನ್ನು ಹಿಟ್ಲರನ ದಿನಚರಿಗಳೆಂದು ನಂಬಿ ಸುಮಾರು 93 ಲಕ್ಷ ಮಾರ್ಕ್ ಕಳೆದುಕೊಂಡಿತು. ಕೈಬರಹ ತಜ್ಞರೂ ಮೋಸ ಹೋಗಿದ್ದರು. ಕೊನೆಗೆ ಗುಟ್ಟು ಒಡೆದದ್ದು ಕಾಗದದಿಂದ: ಅದನ್ನು ಬೆಳ್ಳಗಾಗಿಸಲು ಬಳಸಿದ ರಾಸಾಯನಿಕ ಯುದ್ಧ ಮುಗಿದ ಮೇಲೆ ಬಳಕೆಗೆ ಬಂದದ್ದು. ನಮ್ಮಲ್ಲಿ ಅಷ್ಟು ದೊಡ್ಡ ಪ್ರಯೋಗಾಲಯ ಬೇಡ, ನಾಡಿನ ಇತಿಹಾಸ ಗೊತ್ತಿದ್ದರೆ ಸಾಕು. ಈ ದಿನಾಂಕಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಗೋಕಾಕ, ಹುಕ್ಕೇರಿ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿದ್ದವು, ಆಮೇಲೆ ಮೈಸೂರು ರಾಜ್ಯ. ‘ಕರ್ನಾಟಕ ಸರ್ಕಾರ’ ಎಂಬ ತಲೆಬರಹ 1973ರ ನವೆಂಬರ್ 1ಕ್ಕಿಂತ ಹಿಂದೆ ಇರಲಾರದು. ನೀಲಿ ಇನ್‌ಲ್ಯಾಂಡ್ ಪತ್ರ ಬಂದದ್ದು 1950ರಲ್ಲಿ, ನಯೇ ಪೈಸೆಯ ಅಂಚೆಚೀಟಿ 1957ರಲ್ಲಿ, ಪಿನ್‌ಕೋಡ್ 1972ರ ಆಗಸ್ಟ್ 15ರಂದು. 1968ರ ದಿನಾಂಕವಿರುವ ಪತ್ರದಲ್ಲಿ ಗೋಕಾಕದ ಮುಂದೆ 591307 ಎಂದು ಅಚ್ಚಾಗಿದ್ದರೆ ಕೈಮುಗಿದು ವಾಪಸು ಕೊಡಿ. ಮೂಡಲಗಿ ತಾಲೂಕಾದದ್ದು ತೀರ ಈಚೆಗೆ. ಹಳೆಯ ಪತ್ರದಲ್ಲಿ ‘ಮೂಡಲಗಿ, ತಾ. ಗೋಕಾಕ’ ಎಂದೇ ಇರಬೇಕು. ‘ಬೆಳಗಾವಿ’ ಎಂಬ ಹೆಸರು ಇಂಗ್ಲಿಷ್ ಸರ್ಕಾರಿ ಕಾಗದಗಳಲ್ಲಿ ಅಧಿಕೃತವಾದದ್ದು 2014ರ ನವೆಂಬರಿನಿಂದ. ರೂಪಾಯಿಯ ಈಗಿನ ಗುರುತು 2010ರದು. ಕಂಪ್ಯೂಟರಿನ ‘ನುಡಿ’ ಅಕ್ಷರದಲ್ಲಿ 1982ರ ಪತ್ರ ಇರಲು ಸಾಧ್ಯವೇ ಇಲ್ಲ.

ಸಿನಿಮಾದ ಇತಿಹಾಸವೂ ಹೀಗೆಯೇ ನೆರವಾಗುತ್ತದೆ. ಕನ್ನಡ ಚಿತ್ರರಂಗ ಬಹುಕಾಲ ಮದ್ರಾಸಿನಲ್ಲಿತ್ತು. ಐವತ್ತು, ಅರವತ್ತರ ದಶಕದ ನಮ್ಮ ಕಲಾವಿದರ ಪತ್ರಗಳ ಮೇಲೆ ಮದ್ರಾಸಿನ ಅಂಚೆ ಮುದ್ರೆ ಇದ್ದರೆ ಅದು ಸಹಜ. ಆ ಊರು ಚೆನ್ನೈ ಆದದ್ದು 1996ರಲ್ಲಿ. ರಾಜಕುಮಾರ್ ಅವರಿಗೆ ಮೈಸೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ. ಆದ್ದರಿಂದ 1970ರ ಪತ್ರದ ತಲೆಯಲ್ಲಿ ‘ಡಾ. ರಾಜಕುಮಾರ್’ ಎಂದಿದ್ದರೆ ಅನುಮಾನಿಸಿ. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿ ಊರೂರು ನಾಟಕವಾಡಿ, 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರ ಮಾಡಿದರು. ಆ ಪ್ರವಾಸದ ಕಾಲದ ಯಾವ ಪತ್ರ ಎಲ್ಲಿ ಸಿಕ್ಕರೂ, ಸಹಿ ಯಾರದೇ ಇರಲಿ, ಕಣ್ಣಿಗೊತ್ತಿಕೊಂಡು ತೆಗೆದಿಡಿ.

ಪತ್ರದ ನಿಜಕ್ಕೆ ಇನ್ನೊಂದು ಆಧಾರ ಅದು ಬಂದ ದಾರಿ. ಯಾರ ಮನೆಯಲ್ಲಿತ್ತು, ಅವರಿಗೆ ಹೇಗೆ ಬಂತು, ನಿಮಗೆ ಯಾರು ಕೊಟ್ಟರು, ಯಾವ ದಿನ ಕೊಟ್ಟರು ಎಂಬುದನ್ನು ಅದೇ ಸಂಜೆ ಬರೆದಿಡಿ. ಪತ್ರದ ಮೇಲೆ ಬರೆಯಬೇಡಿ, ಬೇರೆ ಹಾಳೆಯ ಮೇಲೆ ಬರೆಯಿರಿ. ಕೊಟ್ಟ ಹಿರಿಯರ ಮಾತನ್ನು ಅವರದೇ ಆಡುಮಾತಿನಲ್ಲಿ ದಾಖಲಿಸಿ. “ಕಾಕಾರ, ಈ ಪತ್ರಾ ನಿಮ್ಮ ಮನೀಗಿ ಹ್ಯಾಂಗ ಬಂತ್ರಿ?” ಎಂದು ಒಂದು ಪ್ರಶ್ನೆ ಕೇಳಿ ಸುಮ್ಮನೆ ಕುಳಿತರೆ, ಪತ್ರದಲ್ಲಿಲ್ಲದ ಎಷ್ಟೋ ಸಂಗತಿ ಹೊರಗೆ ಬರುತ್ತದೆ. ಯಾವ ಜಾತ್ರೆಗೆ ಆ ನಟ ಬಂದಿದ್ದ, ಯಾರ ವಾಡೆಯಲ್ಲಿ ಊಟವಾಯಿತು, ಯಾರ ಮೇಲೆ ಯಾರಿಗೆ ಮುನಿಸಿತ್ತು, ಎಲ್ಲ. ಹಿರಿಯರು ತೀರಿಕೊಂಡ ಮೇಲೆ ಪತ್ರ ಉಳಿಯಬಹುದು, ಈ ಮಾತು ಉಳಿಯುವುದಿಲ್ಲ.

ನಾಲ್ಕನೆಯ ಮಾತು, ಜೋಪಾನದ್ದು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆ ಮುಳುಗಿದಾಗ ಗೋಕಾಕದ ಎಷ್ಟು ಮನೆಗಳಿಗೆ ನೀರು ಹೊಕ್ಕಿತು ಎಂಬುದನ್ನು ನೀವೇ ಕಂಡಿದ್ದೀರಿ. ನೀರು ಇಳಿದ ಮೇಲೆ ಜನ ಮೊದಲು ಹೊರಗೆ ಎಸೆದದ್ದು ಕಾಗದವನ್ನು. ಆದ್ದರಿಂದ ಪತ್ರಗಳ ಪೆಟ್ಟಿಗೆ ನೆಲದ ಮೇಲೆ ಇರಬಾರದು, ಅಟ್ಟದ ಮೇಲೆ ಇರಲಿ, ಗೋಡೆಗೆ ತಾಗದಿರಲಿ. ಒಂದು ವೇಳೆ ಒದ್ದೆಯಾದರೆ ಅಂಟಿಕೊಂಡ ಹಾಳೆಗಳನ್ನು ಎಳೆದು ಬಿಡಿಸಬೇಡಿ, ಬಿಸಿಲಿಗೂ ಹಾಕಬೇಡಿ. ನಡುವೆ ಹೀರುವ ಕಾಗದ ಇಟ್ಟು ಫ್ಯಾನ್ ಗಾಳಿಗೆ ನಿಧಾನವಾಗಿ ಒಣಗಿಸಿ. ರಾಶಿ ದೊಡ್ಡದಿದ್ದು ಎರಡು ದಿನದೊಳಗೆ ಒಣಗಿಸಲು ಆಗದಿದ್ದರೆ ಬೂಸ್ಟು ಹಿಡಿಯುತ್ತದೆ. ಆಗ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್ಜಿನ ಫ್ರೀಜರಿನಲ್ಲಿಡಿ, ತಿಳಿದವರು ಸಿಕ್ಕಮೇಲೆ ಬಿಡಿಸಿ.

ಪತ್ರವನ್ನು ಲ್ಯಾಮಿನೇಶನ್ ಮಾಡಿಸಬೇಡಿ. ಕಾಪಾಡುತ್ತೇವೆಂದುಕೊಂಡು ಜನ ಮಾಡುವ ಅತಿ ದೊಡ್ಡ ಹಾನಿ ಇದು. ಆ ಬಿಸಿ, ಆ ಅಂಟು ಮತ್ತೆಂದೂ ಬಿಡುವುದಿಲ್ಲ. ಹರಿದ ಕಡೆ ಸೆಲೋಟೇಪ್ ಹಚ್ಚಬೇಡಿ, ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ. ತುಕ್ಕು ಹಿಡಿದ ಪಿನ್ನು, ಕ್ಲಿಪ್ಪುಗಳನ್ನು ಮೆಲ್ಲಗೆ ತೆಗೆಯಿರಿ, ಆದರೆ ಯಾವ ಹಾಳೆಗೆ ಯಾವುದು ಕೂಡಿತ್ತು ಎಂಬುದನ್ನು ಬರೆದಿಡಿ. ಆಮ್ಲರಹಿತ ಕಾಗದದ ಲಕೋಟೆ ತರಿಸಿಕೊಳ್ಳಿ, ಅಗ್ಗದ ಪ್ಲಾಸ್ಟಿಕ್ ಫೋಲ್ಡರ್ ಬೇಡ. ಮಡಚಿದ ಪತ್ರವನ್ನು ಬಿಡಿಸಿ ಚಪ್ಪಟೆಯಾಗಿ ಇಡಿ. ತೊಂಬತ್ತರ ದಶಕದ ಫ್ಯಾಕ್ಸ್ ಸಿಕ್ಕರೆ ಅಂದೇ ಜೆರಾಕ್ಸ್ ಮಾಡಿಸಿ, ಆ ನುಣುಪು ಕಾಗದದ ಮೇಲಿನ ಅಕ್ಷರ ತಾನಾಗಿಯೇ ಅಳಿಸಿಹೋಗುತ್ತದೆ. ಪ್ರತಿ ಪತ್ರದ ಎರಡೂ ಬದಿ, ಲಕೋಟೆಯ ಎರಡೂ ಬದಿ ಸ್ಕ್ಯಾನ್ ಮಾಡಿ ಎರಡು ಬೇರೆ ಜಾಗದಲ್ಲಿ ಇಡಿ. ಆಮೇಲೆ ಮೂಲವನ್ನು ಪದೇ ಪದೇ ಮುಟ್ಟಬೇಡಿ.

ಐದನೆಯ ಮಾತು ನಡತೆಯದು, ಇದನ್ನು ಮನಸ್ಸಿಟ್ಟು ಕೇಳಿ. ಸರ್ಕಾರಿ ಕಡತದಿಂದ ಕಿತ್ತ ಕಾಗದವನ್ನು ಎಷ್ಟು ದೊಡ್ಡವರ ಸಹಿ ಇದ್ದರೂ ಕೊಳ್ಳಬೇಡಿ, ಉಡುಗೊರೆಯಾಗಿಯೂ ಪಡೆಯಬೇಡಿ. ಕೇಂದ್ರ ಸರ್ಕಾರದ ದಾಖಲೆಗಳಿಗೆ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ. ಅದನ್ನು ಮುರಿದವರಿಗೆ 5 ವರ್ಷದವರೆಗೆ ಜೈಲು ಆಗಬಹುದು. ಕಾನೂನು ಒಂದು ಕಡೆಗಿರಲಿ, ಕಡತದಿಂದ ಒಂದು ಹಾಳೆ ಹೋದರೆ ಉಳಿದ ಕಡತ ಕುರುಡಾಗುತ್ತದೆ. ಇತಿಹಾಸ, ಸಾಹಿತ್ಯದ ಮಹತ್ವವಿರುವ ಪತ್ರಕ್ಕೆ 75 ವರ್ಷ ತುಂಬಿತೆಂದರೆ ಅದು 1972ರ ಪುರಾವಸ್ತು ಕಾಯ್ದೆಯ ಕೆಳಗೆ ಬರುತ್ತದೆ. ಅದನ್ನು ದೇಶದಾಚೆ ಕಳಿಸುವುದು ಖಾಸಗಿಯವರಿಗೆ ನಿಷಿದ್ಧ, ಅದರ ವ್ಯಾಪಾರಕ್ಕೆ ಪರವಾನಿಗೆ ಬೇಕು. ನಿಮ್ಮ ಕೈಯಲ್ಲಿರುವುದು ಕಾಗದ, ಅದರೊಳಗಿನ ಬರಹದ ಹಕ್ಕು ಬರೆದವರದು, ಅವರು ತೀರಿಕೊಂಡ ಮೇಲೆ ಅವರ ವಾರಸುದಾರರದು. ಪ್ರಕಟಿಸುವ ಮೊದಲು ಅವರನ್ನು ಕೇಳಿ.

ಮನೆಗಳಿಗೆ ಹೋದಾಗ ಆಸೆಗಣ್ಣಿನಿಂದ ಹೋಗಬೇಡಿ. ಯಜಮಾನರು ತೀರಿಕೊಂಡು ಹದಿಮೂರು ದಿನವೂ ಆಗಿರುವುದಿಲ್ಲ, ರದ್ದಿಯವನಿಗಿಂತ ಮೊದಲೇ ಕೂಡಿಡುವವನು ಬಾಗಿಲಿಗೆ ಬಂದಿರುತ್ತಾನೆ. ಹಾಗೆ ಮಾಡಬೇಡಿ. “ಆಯೀ, ಇವು ನಿಮ್ಮವು, ನಿಮ್ಮಲ್ಲೇ ಇರಲಿ, ನಾ ಫೋಟೋ ಅಷ್ಟ ತಗೋತೇನಿ” ಎಂದು ಹೇಳುವ ದೊಡ್ಡ ಮನಸ್ಸಿರಲಿ. ಎಷ್ಟೋ ಸಲ ಹಾಗೆ ಹೇಳಿದವರಿಗೇ ಮನೆಯವರು ನಂಬಿ ಪೂರ್ತಿ ಗಂಟನ್ನು ಒಪ್ಪಿಸುತ್ತಾರೆ. ಬೆಲೆ ಗೊತ್ತಿಲ್ಲದವರಿಂದ ಚಿಲ್ಲರೆ ಕಾಸಿಗೆ ಕೊಂಡು ಜಾಣತನ ಎಂದುಕೊಳ್ಳಬೇಡಿ. ಅದರ ಬೆಲೆ ಏನೆಂದು ಮೊದಲು ಅವರಿಗೆ ತಿಳಿಸಿ, ಆಮೇಲೆ ಕೇಳಿ.

ಪತ್ರದಲ್ಲಿ ಬದುಕಿರುವವರ ಕಾಯಿಲೆ, ಸಾಲ, ಸಂಸಾರದ ಜಗಳ ಇದ್ದರೆ ಅದನ್ನು ಮೊಬೈಲಿನಲ್ಲಿ ಹರಡಬೇಡಿ. ಚುನಾವಣೆ ಬಂದಾಗ ಹಳೆಯ ಪತ್ರ ತೆಗೆದು ಒಬ್ಬರ ಮಾನ ಕಳೆಯಲು ಬಳಸುವವರು ನಿಮ್ಮ ಬಳಿಗೆ ಬರುತ್ತಾರೆ. ಹಣವನ್ನೂ ತೋರಿಸುತ್ತಾರೆ. ಖಂಡಿತವಾಗಿ ಇಲ್ಲ ಎನ್ನಿ. ನೀವು ಯಾವ ನಟನ ಅಭಿಮಾನಿಯೋ, ಯಾವ ಪಕ್ಷದವರೋ, ಪೆಟ್ಟಿಗೆಯ ಮುಂದೆ ಕುಳಿತಾಗ ಅದನ್ನು ಮರೆಯಬೇಕು. ನಿಮ್ಮ ನೆಚ್ಚಿನವರನ್ನು ಸಣ್ಣವರಾಗಿ ತೋರಿಸುವ ಪತ್ರವನ್ನೂ ಅಷ್ಟೇ ಜೋಪಾನವಾಗಿ ಇಡುವವನು ಮಾತ್ರ ಈ ಕೆಲಸಕ್ಕೆ ತಕ್ಕವನು. ಇಂಥ ಪತ್ರಗಳನ್ನು ಓದುತ್ತಾ ಹೋದರೆ ದೊಡ್ಡವರೂ ಬೇಡುತ್ತಾರೆ, ಹೊಗಳುತ್ತಾರೆ, ಅಂಜುತ್ತಾರೆ, ಕೆಲವೊಮ್ಮೆ ಯಾರೂ ನೋಡದ ಕಡೆ ಉದಾರವಾಗಿ ನಡೆದುಕೊಳ್ಳುತ್ತಾರೆ ಎಂಬುದು ತಿಳಿಯುತ್ತದೆ. ಕಟೌಟಿಗೆ ಹಾಲೆರೆಯುವವನಿಗೆ ಈ ತಿಳಿವಳಿಕೆ ಬರುವುದಿಲ್ಲ, ದ್ವೇಷಿಸುವವನಿಗೂ ಬರುವುದಿಲ್ಲ. ಓದುವವನಿಗೆ ಬರುತ್ತದೆ. ನಾನು ಈ ಹವ್ಯಾಸವನ್ನು ನಿಮಗೆ ಹೇಳುತ್ತಿರುವುದೇ ಈ ಕಾರಣಕ್ಕೆ.

ಕೊನೆಯ ಮಾತು: ನೀವು ಕೂಡಿಟ್ಟದ್ದು ಯಾರಿಗೆ ಹೋಗಬೇಕು ಎಂಬುದನ್ನು ನೀವು ಗಟ್ಟಿಮುಟ್ಟಾಗಿರುವಾಗಲೇ ಬರೆದಿಡಿ. ಭಾರತೀಯ ಚಿತ್ರರಂಗದ ಮೊದಲ ಮಹಾತಾರೆ ದೇವಿಕಾ ರಾಣಿಯವರ ಕಥೆ ಗೊತ್ತಿರಲಿ. ಪತಿ, ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಜೊತೆ ಅವರು ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಬದುಕಿದರು. ರೋರಿಕ್ ಮನೆತನಕ್ಕೂ ನೆಹರೂ ಅವರಿಗೂ ಹಳೆಯ ಸ್ನೇಹ. 1942ರಲ್ಲಿ ನೆಹರೂ ಅವರು ಕುಲು ಕಣಿವೆಯ ಅವರ ಮನೆಗೆ ಹೋಗಿದ್ದರು. 1955ರಲ್ಲಿ ದೇವಿಕಾ ರಾಣಿ ಮುಂದೆ ನಿಂತು ದೆಹಲಿಯಲ್ಲಿ ನಡೆಸಿದ ಚಲನಚಿತ್ರ ವಿಚಾರ ಸಂಕಿರಣವನ್ನು ಉದ್ಘಾಟಿಸಿದವರೂ ನೆಹರೂ. ಪ್ರಧಾನಿಯೂ ತಾರೆಯೂ ಸೇರಿ ಸಿನಿಮಾದ ಬಗ್ಗೆ ಗಂಭೀರವಾಗಿ ಯೋಚಿಸಿದ ಕಾಲ ಅದು. ರೋರಿಕ್ 1993ರಲ್ಲಿ, ದೇವಿಕಾ ರಾಣಿ 1994ರಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಆಸ್ತಿಯ ಸುತ್ತ ಎದ್ದ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಎಸ್ಟೇಟನ್ನೂ ಅವರ ಕಲಾಕೃತಿಗಳನ್ನೂ ಉಳಿಸಲು ಕರ್ನಾಟಕ ಸರ್ಕಾರ 1996ರಲ್ಲಿ ವಿಶೇಷ ಕಾನೂನು ಮಾಡಬೇಕಾಯಿತು, ಅದನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದದ್ದು 2011ರಲ್ಲಿ. ಅಷ್ಟು ದೊಡ್ಡವರ ಸಂಗ್ರಹಕ್ಕೇ ಈ ಗತಿ ಬಂದರೆ ನಮ್ಮ ನಿಮ್ಮ ಟ್ರಂಕಿನ ಗತಿ ಏನು?

ಆದ್ದರಿಂದ ಮನೆಯವರಿಗೆ ತಿಳಿಯುವಂತೆ ಒಂದು ಪಟ್ಟಿ ಮಾಡಿ. ಪ್ರತಿ ಪತ್ರಕ್ಕೆ ಸಂಖ್ಯೆ, ದಿನಾಂಕ, ಬರೆದವರು, ಪಡೆದವರು, ವಿಷಯ, ಬಂದ ದಾರಿ. ರಾಜಕಾರಣದ ಪತ್ರಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರ ಇದೆ. ಸಿನಿಮಾದ ಕಾಗದಗಳಿಗೆ ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ. ಸಾಹಿತ್ಯಕ್ಕೆ ಸಂಬಂಧಿಸಿದ್ದಾದರೆ ಧಾರವಾಡದಲ್ಲಿ ಕೇಳಿ. ಕೊಡುವಾಗ ಬಿಡಿ ಬಿಡಿಯಾಗಿ ಹಂಚದೆ ಇಡಿಯಾಗಿ ಕೊಡಿ, ರಸೀದಿ ಪಡೆಯಿರಿ, ಸ್ಕ್ಯಾನ್ ಪ್ರತಿ ನಮ್ಮೂರ ಗ್ರಂಥಾಲಯದಲ್ಲೂ ಇರುವಂತೆ ನೋಡಿಕೊಳ್ಳಿ.

ಈ ಬೇಸಿಗೆ ರಜೆಯಲ್ಲೇ ಶುರುಮಾಡಿ. ಮೂರೂ ತಾಲೂಕಿನವರು ಕೂಡಿ, ಹಳ್ಳಿಗಳನ್ನು ಹಂಚಿಕೊಳ್ಳಿ. ಮೊದಲ ಪತ್ರ ದೊಡ್ಡ ತಾರೆಯದೇ ಆಗಬೇಕೆಂದಿಲ್ಲ. ನಿಮ್ಮ ಊರಿನ ಹಳೆಯ ಪಂಚಾಯಿತಿ ಅಧ್ಯಕ್ಷರು ಒಬ್ಬ ನಾಟಕದ ನಟಿಗೆ ಬರೆದ ಆಮಂತ್ರಣ, ಅದಕ್ಕೆ ಆಕೆ ಕೊಟ್ಟ ಎರಡು ಸಾಲಿನ ಉತ್ತರ, ಈ ಎರಡೂ ಸಿಕ್ಕರೆ ನಿಮ್ಮ ಸಂಗ್ರಹ ಸರಿಯಾದ ದಾರಿಯಲ್ಲಿ ಶುರುವಾಯಿತು ಎಂದು ತಿಳಿಯಿರಿ. ಎರಡನ್ನೂ ಮೊದಲಿನಿಂದ ಕೊನೆಯವರೆಗೆ ಓದಿ, ಅರ್ಥವಾಗದ್ದನ್ನು ಹಿರಿಯರಿಗೆ ಕೇಳಿ, ಬರೆದಿಡಿ.